ಸೀರೆಯ ಮೇಲೆ ಮೀಸೆ

ಯಲ್ಲದಕೆರೆಯಲ್ಲಿ ನಾವು ಹುಡುಗರು 'ಸದಾರಮೆ' ಆಡಿದಾಗ ಹೆಣ್ಣು ಪಾರ್ಟು ನನ್ನ ಪಾಲಿಗೆ ಬಂತು. ನನಗಿನ್ನೂ ಮೀಸೆ ಮೂಡಿರಲಿಲ್ಲ, ಅಷ್ಟೇ ಅರ್ಹತೆ. ಹಾರ್ಮೋನಿಯಂ ಮೇಷ್ಟ್ರು ಮೂರು ತಿಂಗಳು ಸೆರಗು ಹಿಡಿಯುವುದನ್ನು ಕಲಿಸಿದರು. ಪಜೀತಿ ಆಮೇಲೆ ಬಂತು. ಗಂಡನಿಂದ ಅಗಲಿದ ಸದಾರಮೆ ಗಂಡುವೇಷ ಹಾಕಬೇಕಲ್ಲ! ಪೇಟ ಸುತ್ತಿ, ಮೀಸೆ ಅಂಟಿಸಿಕೊಂಡು, ಸದ್ಯ ಸೀರೆ ಕಳೆಯಿತು ಅಂತ ನನ್ನ ಮಾಮೂಲಿ ನಡಿಗೆಯಲ್ಲೇ ಬಂದೆ. ಪರದೆ ಪಕ್ಕದಿಂದ ಮೇಷ್ಟ್ರು ಗದರಿದರು: "ಲೇ, ಗಂಡಸಿನಂಗೆ ನಡೀಬೇಡ ಕಣೋ! ಗಂಡಸಿನಂಗೆ ನಡಿಯೋ ಹೆಂಗಸಿನಂಗೆ ನಡಿ!" ಚಾಪೆ ಮೇಲೆ ಕೂತಿದ್ದವರಿಗೂ ಕೇಳಿಸಿತು. ಆ ರಾತ್ರಿಯ ದೊಡ್ಡ ನಗು ಅದಕ್ಕೇ.

ಮುಂದೆ ಕಾಲೇಜಿನಲ್ಲಿ ಷೇಕ್ಸ್‌ಪಿಯರನ 'ಟ್ವೆಲ್ಫ್ತ್ ನೈಟ್' ಪಾಠವಾದಾಗ ಮೇಷ್ಟ್ರ ಮಾತೇ ಕಿವಿಯಲ್ಲಿತ್ತು. ಹಡಗು ಒಡೆದು, ಅವಳಿ ಸೋದರನಿಂದ ಅಗಲಿ, ಗುರುತಿಲ್ಲದ ಸೀಮೆ ಸೇರಿದ ವಯೋಲಾ ಗಂಡುವೇಷದಲ್ಲಿ ಓರ್ಸಿನೋ ಎಂಬ ದೊರೆಯ ಚಾಕರಿಗೆ ನಿಲ್ಲುತ್ತಾಳೆ. ಅವಳಿಗೆ ಅವನ ಮೇಲೆ ಮನಸ್ಸು. ಅವನಿಗೆ ಒಲಿವಿಯಾ ಮೇಲೆ. ಒಲಿವಿಯಾಗೋ, ದೊರೆಯ ಮಾತು ಹೊತ್ತು ತಂದ ಈ 'ಹುಡುಗ'ನ ಮೇಲೆ! ಇಂಗ್ಲೆಂಡಿನ ವೃತ್ತಿ ನಾಟಕಗಳಲ್ಲಿ 1660ರ ತನಕ ಹೆಣ್ಣು ಪಾರ್ಟು ಮಾಡುತ್ತಿದ್ದವರು ಹುಡುಗರು. ವಯೋಲಾ ಆದವನೂ ನನ್ನ ಜಾತಿಯವನೇ.

ಈ ಹೂಟ ಷೇಕ್ಸ್‌ಪಿಯರನ ಸ್ವಂತದ್ದೇನಲ್ಲ. ಇಟಲಿಯ ಸಿಯೆನಾದಲ್ಲಿ 1532ರಲ್ಲೇ 'ಇಂಗನ್ನಾತಿ', ಅಂದರೆ 'ಮೋಸಹೋದವರು', ಎಂಬ ಪ್ರಹಸನ ನಡೆದಿತ್ತು. ಅಲ್ಲೂ ಹುಡುಗಿ ಗಂಡುವೇಷದಲ್ಲಿ ಪ್ರಿಯನ ಸೇವೆಗೆ ನಿಲ್ಲುತ್ತಾಳೆ. 1602ರ ಫೆಬ್ರವರಿ 2ರಂದು ಲಂಡನ್ನಿನ ಮಿಡ್ಲ್ ಟೆಂಪಲ್‌ನಲ್ಲಿ ಷೇಕ್ಸ್‌ಪಿಯರನ ನಾಟಕ ನೋಡಿದ ಕಾನೂನು ವಿದ್ಯಾರ್ಥಿ ಜಾನ್ ಮ್ಯಾನಿಂಗ್‌ಹ್ಯಾಮ್, ಇದು 'ಕಾಮಿಡಿ ಆಫ್ ಎರರ್ಸ್'ನ ಹಾಗಿದೆ, ರೋಮಿನ ಪ್ಲಾಟಸ್‌ನ ಅವಳಿಗಳ ನಾಟಕದ ಹಾಗೂ ಇದೆ ಎಂದು ದಿನಚರಿಯಲ್ಲಿ ಬರೆದಿಟ್ಟ. ಪ್ಲಾಟಸ್‌ನಲ್ಲಿದ್ದದ್ದು ಒಂದು ಜೋಡಿ ಅವಳಿ. 'ಕಾಮಿಡಿ ಆಫ್ ಎರರ್ಸ್'ನಲ್ಲಿ ಯಜಮಾನರೂ ಅವಳಿ, ಆಳುಗಳೂ ಅವಳಿ.

ಕನ್ನಡಕ್ಕೆ ಮೊದಲು ದಾಟಿದ್ದೂ ಈ ಅವಳಿಗಳೇ. 1871ರಲ್ಲಿ ಚನ್ನಬಸಪ್ಪನವರು ಅದನ್ನು 'ನಗದವರನ್ನು ನಗಿಸುವ ಕಥೆ' ಮಾಡಿದರು. ಎಂಥ ಹೆಸರು! 1997ರಲ್ಲಿ ಎನ್.ಎಸ್. ಶಂಕರ್ ಅದನ್ನೇ 'ಉಲ್ಟಾ ಪಲ್ಟಾ' ಸಿನಿಮಾ ಮಾಡಿದರು.

ನನ್ನ ಮಟ್ಟಿಗೆ ಅವಳಿಗಿಂತ ವೇಷವೇ ಒಂದು ಕೈ ಮೇಲು. ಅವಳಿ ಕಥೆಯಲ್ಲಿ ರಂಗದ ಮೇಲಿರುವವರೆಲ್ಲ ಪೆಚ್ಚರು, ಗುಟ್ಟು ಗೊತ್ತಿರುವುದು ನಮಗೊಬ್ಬರಿಗೇ. ವೇಷದ ಕಥೆಯಲ್ಲಿ ಹಾಗಲ್ಲ, ಸದಾರಮೆಗೂ ನಮಗೂ ಒಳಒಪ್ಪಂದ. ಎದುರಿನವನು 'ಏನಪ್ಪಾ' ಎಂದು ಅವಳ ಹೆಗಲ ಮೇಲೆ ಕೈಯಿಟ್ಟರೆ ನಾವು ಬೆಚ್ಚುತ್ತೇವೆ.

ಗುಬ್ಬಿ ವೀರಣ್ಣನವರು 'ಸದಾರಮೆ'ಯ ಕಳ್ಳನ ಪಾರ್ಟಿಗೆ ನಾಡಿಗೇ ಹೆಸರಾದವರು. ಅವರ ಮೊಮ್ಮಗಳು ಬಿ. ಜಯಶ್ರೀ ಅದೇ ಕಳ್ಳನ ವೇಷ ಕಟ್ಟಿ ಜನರನ್ನು ನಗಿಸಿದರು. ಹೆಂಗಸು ಗಂಡಸಾದದ್ದಕ್ಕೆ ಅಲ್ಲಿ ಕಥೆಯ ನೆಪವೂ ಬೇಕಾಗಲಿಲ್ಲ.

ನಮ್ಮೂರ ಕಡೆ ಈಗ ಹೆಣ್ಣು ಪಾರ್ಟಿಗೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ನವೆಂಬರ್ ಬಂದರೆ ನಾಟಕೋತ್ಸವ. ಹೋದರೆ, ವೇಷದ ನಾಟಕವಿದ್ದ ದಿನ ಒಮ್ಮೆ ರಂಗ ಬಿಟ್ಟು ಪಕ್ಕದಲ್ಲಿ ಕೂತವರ ಮುಖ ನೋಡಿ.