ತಿಳಿನೀರೆಲ್ಲ ಶುದ್ಧನೀರಲ್ಲ: ಮನೆಯ ಮೀನುತೊಟ್ಟಿಯ ನೈರ್ಮಲ್ಯ

ಮನೆಯ ಪಡಸಾಲೆಯಲ್ಲಿ ಗಾಜಿನ ಮೀನುತೊಟ್ಟಿಯನ್ನು ಇಡುವ ಅಭಿರುಚಿ ಇಂದು ನಗರಗಳಿಗಷ್ಟೇ ಸೀಮಿತವಾಗಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿಯೂ ಮಕ್ಕಳ ಹಟಕ್ಕೆ ಮಣಿದು ನಾಲ್ಕಾರು ಬಣ್ಣದ ಮೀನುಗಳನ್ನು ತಂದು ಸಾಕುವವರಿದ್ದಾರೆ. ತಂದ ತಿಂಗಳೊಳಗೇ ಅವು ಒಂದೊಂದಾಗಿ ಸತ್ತು ತೇಲಿದಾಗ ಮಕ್ಕಳಿಗಾಗುವ ನೋವು ಸಣ್ಣದಲ್ಲ. “ವಾರವಾರವೂ ತೊಟ್ಟಿಯನ್ನು ಉಜ್ಜಿ ತೊಳೆದು ಹೊಸ ನೀರು ತುಂಬಿದೆವು, ಆದರೂ ಉಳಿಯಲಿಲ್ಲ” ಎಂದು ಹಿರಿಯರು ಮರುಗುತ್ತಾರೆ. ಅತಿಯಾಗಿ ತೊಳೆದುದೇ ಅನೇಕ ವೇಳೆ ಆ ಸಾವಿಗೆ ಕಾರಣವೆಂಬುದು ಅವರಿಗೆ ತಿಳಿದಿರುವುದಿಲ್ಲ.

ಮೀನು ತಾನು ಉಸಿರಾಡುವ ನೀರಿಗೇ ತನ್ನ ಕಲ್ಮಷವನ್ನೂ ಬಿಡುತ್ತದೆ. ಅದರ ಕಿವಿರು ಮತ್ತು ಮಲದಿಂದಲೂ, ತಿನ್ನದೆ ಉಳಿದು ಕೊಳೆತ ಆಹಾರದಿಂದಲೂ ಅಮೋನಿಯಾ ಉತ್ಪತ್ತಿಯಾಗುತ್ತದೆ. ಇದು ಕಣ್ಣಿಗೆ ಕಾಣದು. ಸ್ಫಟಿಕದಂತೆ ತಿಳಿಯಾದ ನೀರಿನಲ್ಲಿಯೂ ಮೀನಿನ ಕಿವಿರನ್ನು ಸುಡುವಷ್ಟು ಅಮೋನಿಯಾ ಇರಬಹುದು. ನಿಸರ್ಗವು ಇದಕ್ಕೆ ಪರಿಹಾರವನ್ನು ಇಟ್ಟಿದೆ. ಒಂದು ಬಗೆಯ ಸೂಕ್ಷ್ಮಾಣುಗಳು ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯವು ಆ ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ನೈಟ್ರೈಟ್ ಕೂಡ ವಿಷವೇ. ಅದು ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊರದಂತೆ ಮಾಡುತ್ತದೆ. ನೈಟ್ರೇಟ್ ಹೆಚ್ಚಿರುವ ನೀರನ್ನು ಕುಡಿದ ಹಸುಳೆಗಳ ಮೈ ನೀಲಿಗಟ್ಟುವುದೂ ಇದೇ ಕಾರಣದಿಂದ. ಆದುದರಿಂದಲೇ ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕವು ಹೇಳುತ್ತದೆ. ಮೀನುಗಳಿಗೆ ಮಾತ್ರ ನೈಟ್ರೇಟಿನಿಂದಾಗುವ ಬಾಧೆ ಬಹಳ ಕಡಿಮೆ.

ಈ ಉಪಕಾರಿ ಸೂಕ್ಷ್ಮಾಣುಗಳು ಫಿಲ್ಟರಿನ ಸ್ಪಂಜು, ತಳದ ಜಲ್ಲಿ, ಗಿಡಗಳ ಎಲೆಗಳ ಮೇಲೆ ತೆಳುಪದರವಾಗಿ ನೆಲೆಸಿರುತ್ತವೆ. ಕಸವನ್ನು ಹಿಡಿದಿಡುವುದು ಫಿಲ್ಟರಿನ ಅರ್ಧ ಕೆಲಸವಷ್ಟೇ. ಈ ಕಾಣದ ಜೀವಿಗಳ ಕಾಯಕಕ್ಕೆ ನೆಲೆಯಾಗುವುದೇ ಅದರ ಮುಖ್ಯ ಪ್ರಯೋಜನ. ಹೊಸ ತೊಟ್ಟಿಯಲ್ಲಿ ಅವು ನೆಲೆಗೊಳ್ಳಲು ನಾಲ್ಕರಿಂದ ಆರು ವಾರಗಳು ಬೇಕು. ಆ ಅವಧಿಯಲ್ಲಿ ಎರಡು ಮೂರು ಗಟ್ಟಿಮುಟ್ಟಾದ ಮೀನುಗಳನ್ನಷ್ಟೇ ಬಿಟ್ಟು, ಅತ್ಯಲ್ಪ ಆಹಾರ ನೀಡಿ, ಆಗಾಗ ಸ್ವಲ್ಪ ನೀರು ಬದಲಿಸುತ್ತಿರಬೇಕು.

ನಮ್ಮ ಭಾಗದ ರೇಷ್ಮೆ ಕೃಷಿಕರಿಗೆ ಇಲ್ಲಿ ಒಂದು ಎಚ್ಚರಿಕೆಯ ಮಾತು. ಒಂದು ಬೆಳೆ ಮುಗಿದೊಡನೆ ಹುಳು ಸಾಕಣೆ ಮನೆಯನ್ನು ಬ್ಲೀಚಿಂಗ್ ಪುಡಿ ಮತ್ತು ಸುಣ್ಣದಿಂದ ಶುಚಿಗೊಳಿಸಿ ರೋಗಾಣುಗಳನ್ನು ನಾಶಮಾಡುವುದು ಅವರಿಗೆ ರೂಢಿ. ಹುಳುವಿನ ಮನೆಗೆ ಅದೇ ಸರಿ. ಮೀನುತೊಟ್ಟಿಗೆ ಅದೇ ಕ್ರಮವನ್ನು ಅನುಸರಿಸಿದರೆ ಉಪಕಾರಿ ಸೂಕ್ಷ್ಮಾಣುಗಳೆಲ್ಲ ಅಳಿದು, ಎರಡೇ ದಿನಗಳಲ್ಲಿ ನೀರು ವಿಷವಾಗತೊಡಗುತ್ತದೆ. ಮೀನಿರುವ ತೊಟ್ಟಿಗೆ ಸೋಪು, ಬ್ಲೀಚಿಂಗ್ ಪುಡಿ ಎಂದಿಗೂ ಸೋಕಬಾರದು. ಹಿಪ್ಪುನೇರಳೆ, ದ್ರಾಕ್ಷಿ, ಟೊಮೇಟೊ ಬೆಳೆಗಳಿಗೆ ಔಷಧ ಸಿಂಪಡಿಸಿ ಬಂದ ಕೈಯನ್ನು ತೊಟ್ಟಿಯಲ್ಲಿ ಅದ್ದಬಾರದು. ಮನೆಯೊಳಗೆ ಸೊಳ್ಳೆ, ಜಿರಳೆಗಳ ಔಷಧವನ್ನು ಸಿಂಪಡಿಸುವಾಗ ತೊಟ್ಟಿಯನ್ನು ಮುಚ್ಚಿ, ಗಾಳಿ ಪಂಪನ್ನು ನಿಲ್ಲಿಸಿ, ವಾಸನೆ ಹೋದ ಮೇಲೆ ಮರೆಯದೆ ಚಾಲೂ ಮಾಡಬೇಕು.

ಇನ್ನು ನೀರಿನ ವಿಚಾರ. ವರ್ಷವಿಡೀ ಹರಿಯುವ ನದಿಯಿಲ್ಲದ ನಮ್ಮ ಜಿಲ್ಲೆಯಲ್ಲಿ ಆಳದ ಕೊಳವೆಬಾವಿಯ ನೀರೇ ಹೆಚ್ಚಿನವರಿಗೆ ಗತಿ. ಅದು ಸಾಮಾನ್ಯವಾಗಿ ಗಡಸು. ಅದರಲ್ಲಿ ಕರಗಿದ ಆಮ್ಲಜನಕ ಕಡಿಮೆ. ಹಿಡಿದ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ಇಟ್ಟು, ಆಗಾಗ ಕಲಕಿ ಬಳಸಬೇಕು. ನಲ್ಲಿಯ ನೀರಾದರೆ ಅದರಲ್ಲಿನ ಕ್ಲೋರಿನ್ ಸಹ ಇದರಿಂದ ಹೋಗುತ್ತದೆ. ಗಪ್ಪಿ, ಮೋಲಿ, ಪ್ಲೇಟಿ ಮೀನುಗಳು ಗಡಸು ನೀರಿಗೆ ಚೆನ್ನಾಗಿ ಹೊಂದಿಕೊಳ್ಳುತ್ತವೆ. ಕೆಲವರು ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನಷ್ಟೇ ತುಂಬುತ್ತಾರೆ. ಆ ನೀರಿನಲ್ಲಿ ಲವಣಗಳು ತೀರ ಕಡಿಮೆಯಾದುದರಿಂದ ಆಮ್ಲೀಯತೆ ಏಕಾಏಕಿ ಏರಿ, ಮೀನುಗಳೂ ಸೂಕ್ಷ್ಮಾಣುಗಳೂ ಬಳಲುತ್ತವೆ. ಎರಡನ್ನೂ ಬೆರೆಸಿ ಬಳಸುವುದು ಲೇಸು.

ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 50 ಲೀಟರ್ ನೀರು ಹಿಡಿಯುತ್ತದೆ. ಅದಕ್ಕೆ ಗಂಟೆಗೆ 200ರಿಂದ 250 ಲೀಟರ್ ನೀರನ್ನು ಹಾಯಿಸುವ ಫಿಲ್ಟರ್ ಸಾಕು. ಗಾಳಿ ಪಂಪಿನಿಂದ ನಡೆಯುವ ಸ್ಪಂಜಿನ ಫಿಲ್ಟರ್ ಕಡಿಮೆ ಬೆಲೆಯದೂ ನಂಬಿಕೆಯದೂ ಆಗಿದೆ. ಅದು ಹಗಲಿರುಳೂ ನಡೆಯುತ್ತಿರಬೇಕು. ರಾತ್ರಿ ನಿಲ್ಲಿಸಿದರೆ ಆಮ್ಲಜನಕ ದೊರೆಯದೆ ಸೂಕ್ಷ್ಮಾಣುಗಳು ಸಾಯುತ್ತವೆ. ವಿದ್ಯುತ್ ಕಡಿತ ಹೆಚ್ಚಿರುವಲ್ಲಿ ಬ್ಯಾಟರಿಯ ಗಾಳಿ ಪಂಪೊಂದು ಇರಲಿ.

ಪಾಲಿಸಬೇಕಾದ ಕ್ರಮ ಸರಳವಾಗಿದೆ. ದಿನಕ್ಕೆ ಒಂದೆರಡು ಬಾರಿ, ಎರಡು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟೇ ಆಹಾರ ನೀಡಬೇಕು. ವಾರಕ್ಕೊಮ್ಮೆ ಕೊಳವೆಯಿಂದ ತಳದ ಕಸದೊಡನೆ ಕಾಲು ಭಾಗ ನೀರನ್ನು ಹೊರತೆಗೆದು, ಅಷ್ಟೇ ನೀರನ್ನು ನಿಧಾನವಾಗಿ ಸುರಿಯಬೇಕು. ಮೀನುಗಳನ್ನು ಹೊರಗೆ ಹಿಡಿದಿಡುವ ಅಗತ್ಯವಿಲ್ಲ. ನೀರಿನ ಹರಿವು ಕುಂದಿದಾಗ ಮಾತ್ರ ಸ್ಪಂಜನ್ನು, ಹೊರತೆಗೆದ ಹಳೆಯ ನೀರಿನಲ್ಲಿಯೇ ಮೆಲ್ಲನೆ ಹಿಂಡಿ ಮರಳಿ ಇಡಬೇಕು. ನಲ್ಲಿಯ ಕೆಳಗೆ ತೊಳೆಯಬಾರದು. ಹೊರತೆಗೆದ ನೀರು ಹೂಗಿಡಗಳಿಗೆ ಉತ್ತಮ ಗೊಬ್ಬರ.

ಮನೆಯವರ ಆರೋಗ್ಯದ ದೃಷ್ಟಿಯಿಂದಲೂ ಕೆಲವು ನಿಯಮಗಳಿವೆ. ಕೊಳವೆಯನ್ನು ಬಾಯಿಂದ ಹೀರಿ ನೀರು ಎಳೆಯುವ ಅಭ್ಯಾಸ ಸಲ್ಲದು. ಕೈಯಲ್ಲಿ ಗಾಯವಿದ್ದರೆ ತೊಟ್ಟಿಯಲ್ಲಿ ಅದ್ದಬಾರದು. ಕ್ಷಯದ ರೋಗಾಣುವಿನ ಬಳಗಕ್ಕೆ ಸೇರಿದ ಒಂದು ಸೂಕ್ಷ್ಮಾಣು ಆ ಗಾಯದ ಮೂಲಕ ಹೊಕ್ಕು, ವಾರಗಳ ನಂತರ ಮಾಯದ ಗಂಟುಗಳನ್ನು ಉಂಟುಮಾಡಬಲ್ಲದು. ಅಂಥ ಗಂಟು ಕಂಡಾಗ ಮೀನು ಸಾಕುವ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ತೊಟ್ಟಿಯ ಕೆಲಸ ಮುಗಿದ ಮೇಲೆ ಮಕ್ಕಳೂ ಹಿರಿಯರೂ ಸೋಪಿನಿಂದ ಕೈ ತೊಳೆಯಬೇಕು. ತೊಟ್ಟಿಯ ಸಲಕರಣೆಗಳನ್ನು ಅಡುಗೆಮನೆಯಲ್ಲಿ ತೊಳೆಯಬಾರದು. ಮೀನುಗಳಿರುವಾಗ ಸೊಳ್ಳೆಯ ಮರಿಗಳು ಅವಕ್ಕೆ ಆಹಾರವಾಗುತ್ತವೆ. ಮೀನು ಸತ್ತು, ನೀರು ಮಾತ್ರ ಉಳಿದ ತೊಟ್ಟಿಯು ಡೆಂಗ್ಯೂ ಸೊಳ್ಳೆಗೆ ತವರಾಗುತ್ತದೆ. ಅದನ್ನು ಕೂಡಲೇ ಬರಿದುಮಾಡಿ, ಉಜ್ಜಿ ಒಣಗಿಸಬೇಕು.

ಸಾಕಲಾಗದೆಂದು ಮೀನುಗಳನ್ನು ಊರ ಕೆರೆಗೆ ಬಿಡುವುದು ದಯೆಯಂತೆ ತೋರಿದರೂ ದಯೆಯಲ್ಲ. ಗಾಜಿಗೆ ಅಂಟಿಕೊಂಡು ಪಾಚಿ ತಿನ್ನುವ ಸಕ್ಕರ್ ಮೀನು ಕೆರೆ ಸೇರಿದರೆ ಅಡಿಗಟ್ಟಲೆ ಬೆಳೆದು, ಸ್ಥಳೀಯ ಮೀನುಗಳ ಆಹಾರವನ್ನು ಕಸಿದು, ಬೆಸ್ತರ ಬಲೆಗಳನ್ನು ಹರಿಯುತ್ತದೆ. ಸಾಕಲಾಗದಿದ್ದರೆ ಅಂಗಡಿಗೋ ಬೇರೆ ಸಾಕುವವರಿಗೋ ಒಪ್ಪಿಸುವುದೇ ಸರಿ.

ಗಾಜಿನೊಳಗಿನ ಜೀವಿಗೆ ಬೇರೆಡೆ ಹೋಗುವ ದಾರಿಯಿಲ್ಲ. ನಾವು ಕೊಟ್ಟ ನೀರೇ ಅದರ ಲೋಕ. ಆ ನೀರನ್ನು ಕಾಯುವ ಹೊಣೆಯನ್ನು ಹೊರಲು ಸಿದ್ಧರಾದ ಮೇಲೆಯೇ ಮೀನುಗಳನ್ನು ಮನೆಗೆ ತರುವುದು ಒಳಿತು. ಈ ಪಾಠವನ್ನು ಹಿರಿಯರೊಡನೆ ಕೂಡಿ ಕಲಿತ ಮಗು, ಊರ ಕೆರೆಯ ನೀರನ್ನೂ ನಾಳೆ ಅದೇ ಕಾಳಜಿಯಿಂದ ನೋಡೀತು.