ಎರಡನೆಯ ಓದು

ಮೊನ್ನೆ ಸಾಯಂಕಾಲ ಬಸವನಗುಡಿಯ ಕೃಷ್ಣರಾವ್ ಉದ್ಯಾನದಲ್ಲಿ ನೆರೆಮನೆಯ ಗೃಹಸ್ಥರೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. ಅವರ ಮೊಮ್ಮಗಳು ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗಿದ್ದಾಳೆ. ಕನ್ನಡದಲ್ಲಿ ಬಂದ ಅಂಕ ಸಾಲದೆಂದು ಮತ್ತೊಮ್ಮೆ ಪರೀಕ್ಷೆಗೆ ಕೂರುವಳಂತೆ. “ಮೇಷ್ಟರೇ, ಓದಿ ಅರ್ಥಮಾಡಿಕೊಳ್ಳುವುದರಲ್ಲಿ ಎರಡನೆಯ ಸಲವೆಂಬುದುಂಟೇ?” ಎಂದು ಅವರು ಕೇಳಿದರು.

ಇದು ಒಂದು ಮನೆಯ ಪ್ರಶ್ನೆಯಲ್ಲ. 2024ರಲ್ಲಿ ನಮ್ಮ ರಾಜ್ಯದಲ್ಲಿ ಎಸ್.ಎಸ್.ಎಲ್.ಸಿ.ಗೆ ವರ್ಷಕ್ಕೆ ಮೂರು ಪರೀಕ್ಷೆಗಳ ಕ್ರಮ ಜಾರಿಗೆ ಬಂದಿತು. ‘ಪೂರಕ ಪರೀಕ್ಷೆ’ ಎಂಬ ಹೆಸರು ಹೋಗಿ ಒಂದು, ಎರಡು, ಮೂರು ಎಂಬ ಎಣಿಕೆ ಬಂದಿತು. ಅನುತ್ತೀರ್ಣರಿಗೆ ಮಾತ್ರವಲ್ಲದೆ ಉತ್ತೀರ್ಣರಿಗೂ ಅವಕಾಶ ದೊರೆಯಿತು. ಬಂದ ಅಂಕಗಳಲ್ಲಿ ಹೆಚ್ಚಿನದೇ ಉಳಿಯತಕ್ಕದ್ದೆಂದಾಯಿತು. ಇದರಿಂದ ಮಕ್ಕಳು ಉದಾಸೀನರಾಗುವರೆಂದು ಕೆಲವರು ಶಂಕಿಸುತ್ತಾರೆ. ಆ ಶಂಕೆ ನಿರಾಧಾರವೆಂದು ನಾನು ಹೇಳಲಾರೆ. ಆದರೂ ನನ್ನದೇ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ.

ನಾನು ಅಧ್ಯಾಪಕನಾದ ಹೊಸದರಲ್ಲಿ, ಪಾಠಪುಸ್ತಕದಲ್ಲಿಲ್ಲದ ಗದ್ಯವೊಂದನ್ನು ಕೊಟ್ಟು ಪ್ರಶ್ನೆಗಳನ್ನು ಕೇಳಿದೆನು. ಸುಗ್ಗಿ ಮುಗಿದು ರೈತನ ಕಣಜ ತುಂಬಿದ ಸಂಗತಿ ಅದರಲ್ಲಿತ್ತು. ಪೇಟೆಯಲ್ಲಿಯೇ ಬೆಳೆದ ಹುಡುಗನೊಬ್ಬನು ಧಾನ್ಯದ ಕಣಜವನ್ನು ಕಂಡವನಲ್ಲ. ಕಚ್ಚುವ ಹುಳುವೆಂದೇ ತಿಳಿದು, ರೈತನು ಅದಕ್ಕೆ ಹೆದರಿದನೆಂದು ಬರೆದನು. ನಾನು ಅದನ್ನು ತರಗತಿಗೆ ಓದಿ ಹೇಳಿ ನಗಿಸಿದೆನು. ಇನ್ನೊಂದು ಸಲ ಬರೆಯುವೆನೆಂದು ಅವನು ಬೇಡಿದಾಗ, ನಿಯಮವಿಲ್ಲವೆಂದೆನು. ಆ ವರ್ಷವೆಲ್ಲ ಅವನು ಗಟ್ಟಿಯಾಗಿ ಓದಲು ಎದ್ದು ನಿಲ್ಲಲೇ ಇಲ್ಲ.

ನಮ್ಮ ಶಾಸ್ತ್ರಜ್ಞರು ವ್ಯಾಖ್ಯಾನಕ್ಕೆ ಐದು ಅಂಗಗಳನ್ನು ಹೇಳಿದ್ದಾರೆ: ಪದಚ್ಛೇದ, ಪದಾರ್ಥ, ವಿಗ್ರಹ, ವಾಕ್ಯಯೋಜನೆ, ಆಕ್ಷೇಪಸಮಾಧಾನ. ಆ ಹುಡುಗನು ಎಡವಿದ್ದು ಎರಡನೆಯದರಲ್ಲಿ ಮಾತ್ರ. ತಾನು ತಿಳಿದ ಅರ್ಥಕ್ಕೆ ಅವನ ಊಹೆ ಸರಿಯಾಗಿಯೇ ಹೊಂದಿತ್ತು. ಒಂದು ಪದ ತಿಳಿಯದವನನ್ನು ಓದು ಬಾರದವನೆಂದು ನಾನು ತೀರ್ಮಾನಿಸಿದ್ದೆನು.

ಹಾಗಾದರೆ ಮರುಪರೀಕ್ಷೆ ಹೇಗಿರಬೇಕು? ಅದೇ ಗದ್ಯವನ್ನು ಮತ್ತೆ ಕೊಟ್ಟರೆ ಅಳೆಯುವುದು ಜ್ಞಾಪಕಶಕ್ತಿಯನ್ನು, ಗ್ರಹಣಶಕ್ತಿಯನ್ನಲ್ಲ. ಹಿಂದೆ ಶಲಾಕಾಪರೀಕ್ಷೆಯಲ್ಲಿ ಗ್ರಂಥದ ಓಲೆಗಳ ನಡುವೆ ಕಡ್ಡಿಯನ್ನು ತೂರಿಸಿ, ತೆರೆದ ಪತ್ರವನ್ನು ವಿವರಿಸೆಂದು ಕೇಳುತ್ತಿದ್ದರು. ಯಾವ ಪತ್ರ ಬರುವುದೆಂದು ಮೊದಲೇ ತಿಳಿದರೆ ಪರೀಕ್ಷೆಯೆಲ್ಲಿ ಉಳಿಯಿತು? ಆದುದರಿಂದ ಎರಡನೆಯ ಸಲ ಹೊಸ ಗದ್ಯವಿರಬೇಕು. ಕಾಠಿನ್ಯದಲ್ಲಿ ಮೊದಲಿನದಕ್ಕೆ ಸಮನಾಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಎರಡರ ನಡುವೆ ಪಾಠ ನಡೆಯಬೇಕು. ಯಾವ ಅಂಗದಲ್ಲಿ ಎಡವಿದನೆಂದು ತೋರಿಸದೆ ಮತ್ತೆ ಕೂರಿಸುವುದು, ಕಣ್ಣು ಕಟ್ಟಿ ಅದೇ ದಾರಿಯಲ್ಲಿ ನಡೆಸಿದಂತೆ. ಹೀಗೆ ನಡುವೆ ದುಡಿಯಬೇಕೆಂದಾದರೆ ಉದಾಸೀನಕ್ಕೂ ಎಡೆಯಿರದು.

ಆ ಗೃಹಸ್ಥರಿಗೆ ನಾನು ಹೇಳಿದ್ದು ಇಷ್ಟೆ: “ಮಗು ಬರೆಯಲಿ. ಆದರೆ ದಿನವೂ ದೀಪ ಹಚ್ಚಿದ ಮೇಲೆ ಪತ್ರಿಕೆಯ ಒಂದು ಸಣ್ಣ ಭಾಗವನ್ನು ಅವಳಿಂದ ಓದಿಸಿ, ಅರ್ಥ ಕೇಳಿರಿ. ತಪ್ಪಿದರೆ ನಗಬೇಡಿರಿ, ಯಾವ ಪದದಲ್ಲಿ ತಪ್ಪಿದಳೆಂದು ಹುಡುಕಿರಿ.”