ಗಿಟಾರಿನ ಪಿಕಪ್ ಕಿರುಚುವುದೇಕೆ?

ಪ್ರಶ್ನೆ: ಆಂಪ್ಲಿಫೈಯರ್ ವಾಲ್ಯೂಮ್ ಏರಿಸಿದ ಕೂಡಲೇ ನನ್ನ ಎಲೆಕ್ಟ್ರಿಕ್ ಗಿಟಾರ್ ಕಿರುಚುತ್ತದೆ. ಪಿಕಪ್ ಬದಲಿಸಬೇಕೇ?

ಉತ್ತರ: ಅವಸರ ಬೇಡ. ಮೊದಲು ಅಂಗೈಯಿಂದ ಆರೂ ತಂತಿಗಳನ್ನು ಒತ್ತಿ ಹಿಡಿಯಿರಿ. ಸದ್ದು ನಿಂತರೆ ಅದು ತಂತಿಗಳ ಕಂಪನದ್ದು. ಸ್ಪೀಕರಿನಿಂದ ದೂರ ಸರಿದು ಗೇನ್ ತಗ್ಗಿಸಿದರೆ ಸಾಕು. ನಿಲ್ಲದಿದ್ದರೆ ಪಿಕಪ್ ಮೇಲೆ ಪ್ಲಾಸ್ಟಿಕ್ ಪೆನ್ನಿನಿಂದ ಮೆಲ್ಲಗೆ ತಟ್ಟಿ. ಸ್ಪೀಕರಿನಲ್ಲಿ ಟಕ್ ಟಕ್ ಎಂದು ಜೋರಾಗಿ ಕೇಳಿದರೆ ದೋಷ ಅಲ್ಲಿಯೇ ಇರುವ ಸಾಧ್ಯತೆ ಹೆಚ್ಚು.

ಪಿಕಪ್ ಒಳಗೆ ಅಯಸ್ಕಾಂತದ ಸುತ್ತ ಕೂದಲೆಳೆಯಷ್ಟು ಸಣ್ಣ ತಾಮ್ರದ ತಂತಿಯ ಸಾವಿರಾರು ಸುತ್ತುಗಳಿರುತ್ತವೆ. ಅವು ಸಡಿಲಾದರೆ, ಅಥವಾ ಲೋಹದ ಮುಚ್ಚಳ ಅಲುಗಾಡಿದರೆ, ಸ್ಪೀಕರಿನ ಸದ್ದಿಗೇ ನಡುಗುತ್ತವೆ. ಆ ನಡುಕ ವಿದ್ಯುತ್ತಾಗಿ ಮತ್ತೆ ಸ್ಪೀಕರಿಗೆ ಹೋಗಿ ಬೆಳೆಯುತ್ತಲೇ ಇರುತ್ತದೆ.

ಇದಕ್ಕೆ ಮದ್ದು, ಸುತ್ತುಗಳ ನಡುವೆ ಇಳಿದು ಅವನ್ನು ಅಲುಗದಂತೆ ಹಿಡಿಯುವ ಮೇಣ. ಪ್ಯಾರಾಫಿನ್‌ಗೆ ತುಸು ಜೇನುಮೇಣ ಬೆರೆಸಿ, ಸುಮಾರು 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿ, ಗಾಳಿಗುಳ್ಳೆ ಬರುವುದು ನಿಲ್ಲುವವರೆಗೆ ಪಿಕಪ್ ಮುಳುಗಿಸಿಡುತ್ತಾರೆ. ಬಿಸಿ ಮೀರಿದರೆ ತಂತಿ ಸುತ್ತಿದ ಪ್ಲಾಸ್ಟಿಕ್ ಬಾಬಿನ್ ಸೊಟ್ಟಗಾಗುತ್ತದೆ, ಮೇಣಕ್ಕೆ ಬೆಂಕಿಯೂ ಹತ್ತಬಹುದು. ನೇರ ಉರಿಯ ಮೇಲೆ ಎಂದೂ ಇಡಬೇಡಿ. ಅನುಭವವಿಲ್ಲದಿದ್ದರೆ ಗಿಟಾರ್ ರಿಪೇರಿ ಮಾಡುವವರಿಗೇ ಕೊಡಿ.